ಅರವತ್ತನೇ ಕಾರ್ಡಿನ ಜಾಗಕ್ಕೆ ಲಾನಾ: ಡಿಪ್ಲಿನ್ ಡೆಕ್ ಕಟ್ಟಿದ ಲೆಕ್ಕ

ಪೋಕೆಮಾನ್ ಕಾರ್ಡ್ ಆಟದಲ್ಲಿ ಡೆಕ್ ಎಂದರೆ ಸರಿಯಾಗಿ 60 ಕಾರ್ಡು. ನನ್ನ ಡಿಪ್ಲಿನ್ ಡೆಕ್‌ನ 59 ಕಾರ್ಡುಗಳು ಮಳೆ ಹಿಡಿಯುವ ಮೊದಲೇ ಗಟ್ಟಿಯಾಗಿದ್ದವು. ಉಳಿದ ಒಂದೇ ಒಂದು ಜಾಗಕ್ಕೆ ಲಾನಾಸ್ ಏಡ್ ಹಾಕುವುದೋ ಬೇಡವೋ ಎಂದು ಕೂತು, ಆಡಿ, ಲೆಕ್ಕ ಬರೆದು ತೀರ್ಮಾನಿಸಿದ್ದನ್ನು ಇಲ್ಲಿ ಇಡುತ್ತಿದ್ದೇನೆ. ಒಂದು ಕಾರ್ಡಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಹೌದು, ಬೇಕು. ಸೋತ ಆಟಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನವು ದಾಳಿಗೆ ಬೇಕಾದ ಒಂದು ಎನರ್ಜಿ ಕಾರ್ಡಿಗೋ, ಮುಂದೆ ನಿಂತ ಪೋಕೆಮಾನ್‌ನ ಹಿಂದೆ ಉಳಿದವು ಕಾಯುವ ಬೆಂಚಿನ ಒಂದು ಖಾಲಿ ಜಾಗಕ್ಕೋ ಸೋತವು.

ಕಾರ್ಡು ಏನು ಮಾಡುತ್ತದೆ ಎಂಬುದು ಮೊದಲು. 2024ರ ಮೇ ತಿಂಗಳಲ್ಲಿ ಬಂದ ಟ್ವೈಲೈಟ್ ಮಾಸ್ಕರೇಡ್ ಸೆಟ್‌ನ ಸಪೋರ್ಟರ್ (ಸಹಾಯಕ್ಕೆ ಬರುವ ವ್ಯಕ್ತಿಯ ಕಾರ್ಡು) ಇದು. ಸತ್ತ, ಎಸೆದ ಕಾರ್ಡುಗಳು ಸೇರುವ ಡಿಸ್ಕಾರ್ಡ್ ರಾಶಿಯಿಂದ ರೂಲ್ ಬಾಕ್ಸ್ (ವಿಶೇಷ ನಿಯಮ ಬರೆದ ಚೌಕ) ಇಲ್ಲದ ಪೋಕೆಮಾನ್ ಮತ್ತು ಬೇಸಿಕ್ ಎನರ್ಜಿ, ಎರಡೂ ಬೆರಸಿ ಒಟ್ಟು ಮೂರರವರೆಗೆ ಕೈಗೆ ವಾಪಸ್ ತೆಗೆದುಕೊಳ್ಳಬಹುದು. ಇಎಕ್ಸ್ ಎಂದು ಬರೆದ ದೊಡ್ಡ ಪೋಕೆಮಾನ್‌ಗಳಿಗೆಲ್ಲ ರೂಲ್ ಬಾಕ್ಸ್ ಇರುತ್ತದೆ. ಈಗಿನ ಬಲವಾದ ಡೆಕ್‌ಗಳು ಬಹುಪಾಲು ಇಎಕ್ಸ್‌ಗಳ ಮೇಲೇ ನಿಂತಿರುವುದರಿಂದ ಅವಕ್ಕೆ ಲಾನಾ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದರ ಮೇಲೆ ಸಪೋರ್ಟರ್ ಒಂದು ಸರದಿಗೆ ಒಂದೇ. ಐಟಂ ಕಾರ್ಡಾದ ನೈಟ್ ಸ್ಟ್ರೆಚರ್ ಒಂದನ್ನೇ ವಾಪಸ್ ತಂದರೂ ಒಂದೇ ಸರದಿಯಲ್ಲಿ ಎಷ್ಟು ಬೇಕಾದರೂ ಆಡಬಹುದು. ಹಾಗಾಗಿ ಲಾನಾ ಕಾರ್ಡು ಹೆಚ್ಚಿನವರ ಬೈಂಡರಿನಲ್ಲೇ ಉಳಿದಿದೆ.

ಡಿಪ್ಲಿನ್ ಡೆಕ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಇಲ್ಲಿ ಒಂದೂ ಇಎಕ್ಸ್ ಇಲ್ಲ. ಎಲ್ಲವೂ ಪುಟ್ಟ ಪೋಕೆಮಾನ್‌ಗಳು, ಯಾವುದು ಸತ್ತರೂ ಎದುರಾಳಿಗೆ ಸಿಗುವುದು ಒಂದೇ ಪ್ರೈಜ್ ಕಾರ್ಡು (ತನ್ನ ಆರೂ ಪ್ರೈಜ್ ತೆಗೆದವರು ಗೆದ್ದಂತೆ). ಮುಖ್ಯ ಆಳು ಡಿಪ್ಲಿನ್. ಇದೇ ಹೆಸರಿನ ಬೇರೆ ಕಾರ್ಡುಗಳೂ ಇವೆ, ನಮಗೆ ಬೇಕಾದದ್ದು ಫೆಸ್ಟಿವಲ್ ಲೀಡ್ ಎಂಬ ಎಬಿಲಿಟಿ (ವಿಶೇಷ ಸಾಮರ್ಥ್ಯ) ಇರುವುದು. ಅದರ ದಾಳಿಯ ಹೆಸರು ಡು ದ ವೇವ್, ಬೆಲೆ ಒಂದೇ ಹುಲ್ಲಿನ ಎನರ್ಜಿ. ನಮ್ಮ ಬೆಂಚಿನಲ್ಲಿ ಎಷ್ಟು ಪೋಕೆಮಾನ್ ಇವೆಯೋ ಒಂದೊಂದಕ್ಕೆ 20 ಡ್ಯಾಮೇಜ್. ಬೆಂಚು ತುಂಬಿದರೆ ಐದು, ಅಂದರೆ 100. ಫೆಸ್ಟಿವಲ್ ಗ್ರೌಂಡ್ಸ್ ಎಂಬ ಸ್ಟೇಡಿಯಂ ಆಟದಲ್ಲಿದ್ದರೆ ಡಿಪ್ಲಿನ್ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯುತ್ತದೆ, ಆಗ 200. ಮೊದಲ ಹೊಡೆತಕ್ಕೇ ಎದುರಿನದು ಸತ್ತರೆ, ಎದುರಾಳಿ ಹೊಸದನ್ನು ಮುಂದೆ ತಂದ ಮೇಲೆ ಎರಡನೇ ಹೊಡೆತ ಅದಕ್ಕೆ ಬೀಳುತ್ತದೆ. ಒಂದು ಎನರ್ಜಿ ಹಾಕಿ ಇಷ್ಟು ಸಿಗುವ ಕಾರ್ಡನ್ನು ನಾನು ಮನಸಾರೆ ಇಷ್ಟಪಡುತ್ತೇನೆ.

ಜೊತೆಗೆ ಥ್ವಾಕಿ. ಮುಂದೆ ನಿಂತ ಪೋಕೆಮಾನ್‌ಗೆ ಫೆಸ್ಟಿವಲ್ ಲೀಡ್ ಇದ್ದರೆ ಥ್ವಾಕಿ ತನ್ನ ಬೂಮ್ ಬೂಮ್ ಗ್ರೂವ್‌ನಿಂದ ಸರದಿಗೊಮ್ಮೆ ಡೆಕ್‌ನಲ್ಲಿರುವ ಯಾವುದೇ ಒಂದು ಕಾರ್ಡನ್ನು ಹುಡುಕಿ ಕೈಗೆ ಕೊಡುತ್ತದೆ. ಯಾವುದೇ ಕಾರ್ಡು! ಎರಡು ಥ್ವಾಕಿ ಇದ್ದರೆ ಎರಡು ಕಾರ್ಡು. ಇಂಥ ಡೆಕ್‌ನಲ್ಲಿ ಒಂದೇ ಪ್ರತಿ ಇರುವ ಕಾರ್ಡೂ ಬೇಕಾದ ಹೊತ್ತಿಗೆ ಕೈಗೆ ಬರುತ್ತದೆ. ಅರವತ್ತನೇ ಜಾಗದ ಮೇಲೆ ಇಷ್ಟು ಆಸೆ ಇಟ್ಟುಕೊಳ್ಳುವುದಕ್ಕೆ ಕಾರಣ ಅದೇ.

59ರ ಪಟ್ಟಿ ಹೀಗಿದೆ. ಆಪ್ಲಿನ್, ಡಿಪ್ಲಿನ್, ಗ್ರೂಕಿ, ಥ್ವಾಕಿ ತಲಾ 4 (ಆಪ್ಲಿನ್ ಬೆಳೆದರೆ ಡಿಪ್ಲಿನ್, ಗ್ರೂಕಿ ಬೆಳೆದರೆ ಥ್ವಾಕಿ). ಬಡ್ಡಿ-ಬಡ್ಡಿ ಪಾಫಿನ್ 4, ಬಗ್ ಕ್ಯಾಚಿಂಗ್ ಸೆಟ್ 4, ನೆಸ್ಟ್ ಬಾಲ್ 3, ಅಲ್ಟ್ರಾ ಬಾಲ್ 3, ನೈಟ್ ಸ್ಟ್ರೆಚರ್ 2, ಸ್ವಿಚ್ 3, ಫೆಸ್ಟಿವಲ್ ಗ್ರೌಂಡ್ಸ್ 4. ಸಪೋರ್ಟರ್‌ಗಳಲ್ಲಿ ಪ್ರೊಫೆಸರ್ಸ್ ರಿಸರ್ಚ್ 4, ಅಯೋನೊ 3, ಬಾಸಸ್ ಆರ್ಡರ್ಸ್ 2, ಕೀರನ್ 2. ಹುಲ್ಲಿನ ಎನರ್ಜಿ 9. ಟೂರ್ನಿಗಳಿಂದ ಹಳೆ ಸೆಟ್‌ಗಳನ್ನು ಕೈಬಿಡುವ ಹೊಸ ರೊಟೇಶನ್ ಬಂದಾಗ ಇದರಲ್ಲಿ ಹಳೆ ಕಾರ್ಡುಗಳು ಉದುರುತ್ತವೆ. ಅಧಿಕೃತ ಟೂರ್ನಿಗೆ ಒಯ್ಯುವವರು ಕಾರ್ಡಿನ ಕೆಳಗಿನ ಎಡಮೂಲೆಯ ಅಕ್ಷರ ನೋಡಿಕೊಳ್ಳಬೇಕು. ನಮ್ಮದು ಮನೆಯ ಜಗಲಿಯ ಆಟ, ಹಾಗಾಗಿ ಎದುರು ಕೂತವರು ಒಪ್ಪಿದರೆ ಆಯಿತು.

ಪ್ರಾಕ್ಸಿ ಕತ್ತರಿಸುವ ಕೆಲಸ

ಬಿಡಿ ಕಾರ್ಡುಗಳು ನಾಪೋಕ್ಲುವಿನ ನಮ್ಮ ಮನೆಗೆ ಅಂಚೆಯಲ್ಲೇ ಬರಬೇಕು. ಜುಲೈ ಮಳೆಯಲ್ಲಿ ಅಂಚೆ ಬರುವುದೂ ನಿಧಾನ. ಹಾಗಾಗಿ ಪರೀಕ್ಷೆಗೆ ಬೇಕಾದ ಕಾರ್ಡುಗಳನ್ನು ಕಾಗದದಲ್ಲಿ ಮಾಡಿಕೊಂಡೆ. ಟೂರ್ನಿಗಳಲ್ಲಿ ಇಂಥ ಪ್ರಾಕ್ಸಿ ನಡೆಯುವುದಿಲ್ಲ, ಮನೆಯಲ್ಲಿ ಕೂತು ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಎತ್ತರ. ಎ4 ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು ಕೂರುತ್ತವೆ. ಅಂಚಿಗೆ ಒಂದಿಷ್ಟು ಜಾಗವೂ ಉಳಿಯುತ್ತದೆ. ಮಡಿಕೇರಿಯಲ್ಲಿ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಡುವಾಗ ಒಂದೇ ಮಾತು ಒತ್ತಿ ಹೇಳಬೇಕು: ಸೈಜ್ ನೂರಕ್ಕೆ ನೂರು ಇರಲಿ, ಪುಟಕ್ಕೆ ಹೊಂದಿಸುವುದು ಬೇಡ. ಹೊಂದಿಸಿದರೆ ಕಾರ್ಡು ಎರಡು ಮೂರು ಮಿಲಿಮೀಟರ್ ಕಿರಿದಾಗಿ ಸ್ಲೀವ್ ಎಂಬ ಪ್ಲಾಸ್ಟಿಕ್ ಕವರಿನೊಳಗೆ ಆಚೀಚೆ ಜಾರುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಅಂಚು ಅಂಕುಡೊಂಕಾಗುತ್ತದೆ. ಉಕ್ಕಿನ ಸ್ಕೇಲ್ ಒತ್ತಿ ಹಿಡಿದು, ಕಟರ್ ಬ್ಲೇಡಿನಲ್ಲಿ ಹಗುರವಾಗಿ ಎರಡು ಸಲ ಎಳೆಯಬೇಕು. ಅಡಿಯಲ್ಲಿ ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು ಇಟ್ಟರೆ ಮೇಜಿಗೆ ಗೀರು ಬೀಳುವುದಿಲ್ಲ. ಹೀಗೆ ಸಿಕ್ಕ ಕಾಗದವನ್ನು ಹೆಚ್ಚುವರಿ ಎನರ್ಜಿ ಕಾರ್ಡಿನ ಮುಂದಿಟ್ಟು, ಹಿಂಬದಿ ಕಾಣದ ಗಾಢ ಬಣ್ಣದ ಸ್ಲೀವ್‌ಗೆ ತೂರಿಸಿದರೆ ಕೈಗೆ ಅಸಲಿ ಕಾರ್ಡಿನಂತೆಯೇ ಆಡುತ್ತದೆ. ಕಲೆಸುವಾಗಲೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ನನ್ನ ಬಳಿ ಇದ್ದ ಲಾನಾದ ಒಂದೇ ಅಸಲಿ ಪ್ರತಿ ಹೊಳಪಿನದು. ಕೊಡಗಿನ ಮಳೆಗಾಲ ಹೊಳಪಿನ ಕಾರ್ಡನ್ನು ಬಿಡುವುದಿಲ್ಲ. ಕಾರ್ಡಿನ ಮುಖಕ್ಕೆ ಅಂಟಿದ ಫಾಯಿಲ್ ಪದರ ತೇವ ಹೀರುವುದಿಲ್ಲ, ಹಿಂದಿನ ಕಾಗದ ಹೀರಿ ಹಿಗ್ಗುತ್ತದೆ. ಒಂದು ಬದಿ ಮಾತ್ರ ಹಿಗ್ಗಿದಾಗ ಕಾರ್ಡು ಮುಖದ ಕಡೆಗೆ ಬಾಗುತ್ತದೆ. ನೋಡಲು ಚೆನ್ನಾಗಿಲ್ಲ ಎಂಬುದು ಸಣ್ಣ ಮಾತು. ಬಾಗಿದ ಕಾರ್ಡು ಕಟ್ಟಿನಲ್ಲಿ ಎಲ್ಲಿದೆ ಎಂದು ಬೆರಳಿಗೇ ತಿಳಿದುಬಿಡುತ್ತದೆ, ಟೂರ್ನಿಯಲ್ಲಿ ಅದನ್ನು ಗುರುತು ಹಾಕಿದ ಕಾರ್ಡೆಂದೇ ಪರಿಗಣಿಸುತ್ತಾರೆ. ಸರಿಪಡಿಸುವುದು ಕಷ್ಟವೇನಿಲ್ಲ, ಆತುರ ಇರಬಾರದು ಅಷ್ಟೆ. ಗಾಳಿಯಾಡದ ಸ್ಟೀಲ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಕಾರ್ಡನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಒಂದು ಸಮತಟ್ಟಾದ ಭಾರ ಹೇರಿ ಮುಚ್ಚಿಡಬೇಕು. ತೇವ ಇಳಿದಂತೆ ಕಾರ್ಡು ತಾನಾಗಿ ಚಪ್ಪಟೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್ ಹತ್ತಿರ ಸುಳಿಯಬಾರದು, ಪದರ ಬಿಟ್ಟುಕೊಳ್ಳುತ್ತದೆ. ಬಚ್ಚಲೊಲೆಯ ಶಾಖವೂ ಬೇಡ, ಹೊಗೆ ಹಿಡಿದ ಕಾರ್ಡನ್ನು ಮತ್ತೆ ಮೊದಲಿನಂತೆ ಮಾಡಲು ಆಗುವುದಿಲ್ಲ. ನನ್ನದು ಪೂರಾ ನೆಟ್ಟಗಾದ ಮೇಲೆ ಸ್ಲೀವ್‌ಗೆ ಹಾಕಿ, ಡೆಕ್ ಬಾಕ್ಸಿನ ತಳದಲ್ಲೂ ಒಂದು ಪೊಟ್ಟಣ ಇಟ್ಟಿದ್ದೇನೆ. ಮುಂದೆ ಕೊಳ್ಳುವವರಿಗೆ ಹೇಳುವುದು ಇಷ್ಟೇ, ನಮ್ಮ ಹವೆಗೆ ಹೊಳಪಿಲ್ಲದ ಸಾದಾ ಪ್ರತಿಯೇ ಉತ್ತಮ.

ಡ್ಯಾಮೇಜ್ ಎಣಿಸಲು ನಾವು ಕಾಫಿ ಬೀಜ ಬಳಸುತ್ತೇವೆ. ಒಂದು ಬೀಜಕ್ಕೆ 10, ಒಂದು ಏಲಕ್ಕಿಗೆ 100. ಕರಿಮೆಣಸು ಉರುಳಿ ಹೋಗುತ್ತದೆ. ಕಾಫಿ ಬೀಜದ ಒಂದು ಬದಿ ಚಪ್ಪಟೆ ಇರುವುದರಿಂದ ಸ್ಲೀವ್ ಮೇಲೆ ಕದಲದೆ ಕೂರುತ್ತದೆ, ಕಾರ್ಡನ್ನು ಬೆಂಚಿಗೆ ಸರಿಸಿದರೂ ಬೀಳುವುದಿಲ್ಲ.

ಖಾಲಿ ಕಾರ್ಡು

ಒಂದು ಕಾರ್ಡು ಚೆನ್ನಾಗಿದೆಯೇ ಎಂದು ತಿಳಿಯಲು ಅದನ್ನು ಡೆಕ್‌ಗೆ ಹಾಕಿ ಆಡುತ್ತ ಹೋದರೆ ಸಾಲದು. 60ರಲ್ಲಿ ಒಂದು ಕಾರ್ಡು ಎಷ್ಟೋ ಆಟಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಬಿದ್ದ ದಿನ ಗೆದ್ದರೆ ಕಾರ್ಡಿನಿಂದ ಗೆದ್ದೆವು ಎಂದುಕೊಳ್ಳುತ್ತೇವೆ, ಅದು ಲೆಕ್ಕವಾಗುವುದಿಲ್ಲ. ಅದಕ್ಕೆ ನಾನು ಅರವತ್ತನೇ ಸ್ಲೀವ್‌ನಲ್ಲಿ ಖಾಲಿ ಕಾಗದ ಇಟ್ಟು, ಬಾಲ್‌ಪೆನ್ನಿನಲ್ಲಿ ನಾಲ್ಕು ಹೆಸರು ಬರೆದೆ: ಲಾನಾಸ್ ಏಡ್, ನೈಟ್ ಸ್ಟ್ರೆಚರ್, ಸೂಪರ್ ರಾಡ್, ಕೀರನ್. ಖಾಲಿ ಕಾರ್ಡು ಕೈಗೆ ಬಂದಾಗ ಈ ನಾಲ್ಕರಲ್ಲಿ ಯಾವುದಾಗಿದ್ದರೆ ಒಳ್ಳೆಯದಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಬರೆದ ಮೇಲೆ ಆ ಆಟ ಮುಗಿಯುವವರೆಗೆ ಅದು ಅದೇ ಕಾರ್ಡು. ಬದಲಿಸುವಂತಿಲ್ಲ. ಪಕ್ಕದ ಕಾಲಂನಲ್ಲಿ ಕಾರಣ ಬರೆಯಬೇಕು, ಎಷ್ಟು ಥ್ವಾಕಿ ಇದ್ದವು, ಬೆಂಚಿನಲ್ಲಿ ಎಷ್ಟು ಖಾಲಿ, ಕೈಯಲ್ಲಿ ಎನರ್ಜಿ ಇತ್ತೇ ಇಲ್ಲವೇ ಎಂದು. ಈ ಕಾರಣದ ಕಾಲಂ ಇಲ್ಲದಿದ್ದರೆ ಮೊದಲ ಕಾಲಂನಿಂದ ಏನೂ ಕಲಿಯಲು ಆಗುವುದಿಲ್ಲ.

ನಾಲ್ವರಲ್ಲಿ ಮೊದಲು ಬಿದ್ದದ್ದು ಸೂಪರ್ ರಾಡ್. ಅದು ಪೋಕೆಮಾನ್ ಮತ್ತು ಬೇಸಿಕ್ ಎನರ್ಜಿ ಬೆರಸಿ ಒಟ್ಟು ಮೂರರವರೆಗೆ ಡಿಸ್ಕಾರ್ಡ್‌ನಿಂದ ಡೆಕ್‌ಗೆ ಸೇರಿಸಿ ಕಲೆಸುತ್ತದೆ. ಉದ್ದ ಆಟಕ್ಕೆ ಒಳ್ಳೆಯದು. ಡಿಪ್ಲಿನ್‌ಗೆ ಬೇಕಾಗುವುದು ಈ ಸರದಿಗೆ, ಈ ಕೈಗೆ. ಡೆಕ್‌ಗೆ ಹೋದದ್ದನ್ನು ಮತ್ತೆ ಹೊರತೆಗೆಯಲು ಥ್ವಾಕಿಯ ಇನ್ನೊಂದು ಹುಡುಕಾಟ ಖರ್ಚಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅದರ ಹೆಸರು ಬರುವುದೇ ಅಪರೂಪವಾಯಿತು.

ಉಳಿದ ಮೂರರ ನಡುವಿನ ಪೈಪೋಟಿ ನಿಜವಾದದ್ದು. ಅದನ್ನು ಬಿಡಿಸಲು ಇಡೀ ಆಟ ಆಡದೆ, ಆಟದ ನಡುವಿನ ಒಂದೊಂದು ಸ್ಥಿತಿಯನ್ನು ಮೇಜಿನ ಮೇಲೆ ಜೋಡಿಸಿ, ಅದೇ ಸರದಿಯನ್ನು ಮೂರೂ ಕಾರ್ಡಿನಿಂದ ಆಡಿ ನೋಡಿದೆವು.

ಮೂರು ಏಲಕ್ಕಿ, ಎರಡು ಬೀಜ

ಗೋಣಿಕೊಪ್ಪದಲ್ಲಿರುವ ನನ್ನ ತಮ್ಮ ಚಾರಿಝಾರ್ಡ್ ಇಎಕ್ಸ್ ಆಡುತ್ತಾನೆ. 2023ರ ಆಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನ ಈ ಕಾರ್ಡು ಬೆಂಕಿಯದಲ್ಲ, ಕತ್ತಲೆಯ ಬಗೆಯದು. ಎಚ್‌ಪಿ (ಸಾಯಲು ಬೇಕಾದ ಡ್ಯಾಮೇಜ್) 330, ಹುಲ್ಲಿನ ದಾಳಿಗೆ ದುರ್ಬಲ, ಅಂದರೆ ನಮ್ಮ ಹೊಡೆತ ಎರಡು ಪಟ್ಟು ಬೀಳುತ್ತದೆ.

ಜೋಡಿಸಿದ ಸ್ಥಿತಿ ಹೀಗಿತ್ತು. ಎನರ್ಜಿ ಇದ್ದ ನನ್ನ ಡಿಪ್ಲಿನ್ ಮುಂದೆ, ಬೆಂಚಿನಲ್ಲಿ ಎನರ್ಜಿ ಇಲ್ಲದ ಇನ್ನೊಂದು ಡಿಪ್ಲಿನ್, ಎರಡು ಆಪ್ಲಿನ್, ಒಂದು ಗ್ರೂಕಿ, ಒಂದೇ ಒಂದು ಥ್ವಾಕಿ. ಫೆಸ್ಟಿವಲ್ ಗ್ರೌಂಡ್ಸ್ ಬಿದ್ದಿದೆ. ತಮ್ಮ ಅಯೋನೊ ಆಡಿ ನನ್ನ ಕೈಯನ್ನು ಸಣ್ಣದು ಮಾಡಿದ್ದಾನೆ. ಉಳಿದಿರುವುದು ಎರಡು ಸ್ವಿಚ್ (ಮುಂದಿನದನ್ನು ಬೆಂಚಿನದರೊಡನೆ ಬದಲಿಸುವ ಕಾರ್ಡು) ಮತ್ತು ಇನ್ನೊಂದು ಫೆಸ್ಟಿವಲ್ ಗ್ರೌಂಡ್ಸ್, ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅವನ ಚಾರಿಝಾರ್ಡ್ ಬಂದು ನನ್ನ ಮುಂದಿನ ಡಿಪ್ಲಿನ್‌ನ್ನು ಹೊಡೆದು ಹಾಕುತ್ತದೆ. ಡಿಪ್ಲಿನ್‌ನ ಎಚ್‌ಪಿ 80 ಅಷ್ಟೆ, ಅದು ಎರಡು ಸರದಿ ಬದುಕುವುದೇ ಅಪರೂಪ. ಡಿಸ್ಕಾರ್ಡ್‌ಗೆ ಹೋಗುವುದು ಮೂರು ಕಾರ್ಡು: ಆಪ್ಲಿನ್, ಅದರ ಮೇಲಿನ ಡಿಪ್ಲಿನ್, ಅದಕ್ಕೆ ಹಾಕಿದ್ದ ಎನರ್ಜಿ. ಬೆಂಚಿನ ಡಿಪ್ಲಿನ್ ಮುಂದೆ ಬರುತ್ತದೆ, ಬೆಂಚು ನಾಲ್ಕಕ್ಕೆ ಇಳಿಯುತ್ತದೆ.

ಈಗ ನನ್ನ ಸರದಿ. ಥ್ವಾಕಿ ಒಂದು ಕಾರ್ಡು ಕೊಡುತ್ತದೆ. ಏನು ಕೇಳಬೇಕು?

ಎನರ್ಜಿ ಕೇಳಿದೆ. ಬೆಂಚಿನಲ್ಲಿ ನಾಲ್ಕು, ಹಾಗಾಗಿ 80. ದುರ್ಬಲತೆಯಿಂದ 160. ಎರಡು ಸಲ ಹೊಡೆದರೆ 320. ಚಾರಿಝಾರ್ಡ್ ಮೇಲೆ ಮೂರು ಏಲಕ್ಕಿ, ಎರಡು ಕಾಫಿ ಬೀಜ.

"ಇನ್ನೊಂದು ಬೀಜ ಬೇಕಣ್ಣ, ಸತ್ತಿಲ್ಲ ಅದು" ಎಂದ ತಮ್ಮ.

ಹತ್ತೇ ಹತ್ತು ಉಳಿಯಿತು. ಮುಂದಿನ ಸರದಿಗೆ ಅದೇ ಚಾರಿಝಾರ್ಡ್ ಮತ್ತೆ ಹೊಡೆಯುತ್ತದೆ, ನನ್ನಲ್ಲಿ ಇನ್ನೊಂದು ಡಿಪ್ಲಿನ್ ಇಲ್ಲ.

ಅದೇ ಸ್ಥಿತಿಯನ್ನು ಮತ್ತೆ ಜೋಡಿಸಿ ನೈಟ್ ಸ್ಟ್ರೆಚರ್ ಕೇಳಿದೆ. ಆಪ್ಲಿನ್ ವಾಪಸ್ ತಂದರೆ ಬೆಂಚು ಐದಾಗುತ್ತದೆ, ಹೊಡೆಯಲು ಎನರ್ಜಿ ಇಲ್ಲ. ಎನರ್ಜಿ ವಾಪಸ್ ತಂದರೆ ಮತ್ತೆ ಅದೇ 320. ಕೀರನ್ ಕೇಳಿದೆ. ಎದುರಿನ ಇಎಕ್ಸ್‌ಗೆ 30 ಹೆಚ್ಚುವರಿ ಡ್ಯಾಮೇಜ್ ಕೊಡುವ ಸಪೋರ್ಟರ್ ಅದು. 80ಕ್ಕೆ 30 ಸೇರಿ 110, ಎರಡು ಪಟ್ಟಾಗಿ 220, ಎರಡು ಹೊಡೆತಕ್ಕೆ 440. ಕಾಗದದ ಮೇಲೆ ಭರ್ಜರಿ, ಎನರ್ಜಿಯೇ ಇಲ್ಲದಿದ್ದರೆ ಸೊನ್ನೆ.

ಕೊನೆಗೆ ಲಾನಾ. ಡಿಸ್ಕಾರ್ಡ್‌ನಲ್ಲಿದ್ದ ಮೂರೂ ಕೈಗೆ ಬಂದವು. ಆಪ್ಲಿನ್ ಬೆಂಚಿಗೆ, ಬೆಂಚು ಐದು. ಎನರ್ಜಿ ಮುಂದಿನ ಡಿಪ್ಲಿನ್‌ಗೆ. 100, ಎರಡು ಪಟ್ಟು 200, ಎರಡು ಸಲ 400. ಚಾರಿಝಾರ್ಡ್ ಹೋಯಿತು, ಇಎಕ್ಸ್ ಆದ್ದರಿಂದ ಎರಡು ಪ್ರೈಜ್ ಬಂತು. ವಾಪಸ್ ಬಂದ ಡಿಪ್ಲಿನ್ ಕಾರ್ಡು ಕೈಯಲ್ಲೇ ಇದೆ. ಬೆಂಚಿನಲ್ಲಿ ಮೊದಲಿಂದ ಕೂತಿರುವ ಆಪ್ಲಿನ್ ಯಾವುದಾದರೊಂದನ್ನು ಮುಂದಿನ ಸರದಿಗೆ ಬೆಳೆಸಲು ಅದು ಸಿದ್ಧ. ಬೇರೆ ಯಾವ ಕಾರ್ಡಿಗೂ ಆಗದ್ದು ಲಾನಾದಿಂದ ಆಯಿತು.

ಇದಿಷ್ಟೇ ನೋಡಿ ನಿಲ್ಲಿಸಿದ್ದರೆ ಲಾನಾವನ್ನು ಹೊಗಳಿ ಮುಗಿಸಬಹುದಿತ್ತು. ಅದೇ ಸ್ಥಿತಿಯಲ್ಲಿ ಗ್ರೂಕಿಯನ್ನು ತೆಗೆದು ಎರಡನೇ ಥ್ವಾಕಿ ಇಟ್ಟೆವು. ಈಗ ಒಂದು ಥ್ವಾಕಿ ನೈಟ್ ಸ್ಟ್ರೆಚರ್ ಕೊಡುತ್ತದೆ, ಅದರಿಂದ ಆಪ್ಲಿನ್. ಇನ್ನೊಂದು ಥ್ವಾಕಿ ಡೆಕ್‌ನಿಂದ ಎನರ್ಜಿ ಕೊಡುತ್ತದೆ. ಬೆಂಚು ಐದು, 400, ಚಾರಿಝಾರ್ಡ್ ಸತ್ತಿತು, ಸಪೋರ್ಟರ್ ಇನ್ನೂ ಬಾಕಿ ಇದೆ! ಅದೇ ಸರದಿಯಲ್ಲಿ ರಿಸರ್ಚ್ ಕೈಯಲ್ಲಿದ್ದರೆ ಏಳು ಹೊಸ ಕಾರ್ಡು ಎಳೆಯಬಹುದು, ಅಯೋನೊ ಇದ್ದರೆ ಎದುರಾಳಿಯ ಕೈ ಕೆಡಿಸಬಹುದು. ಲಾನಾ ಆಡಿದರೆ ಎರಡನೇ ಥ್ವಾಕಿಯ ಹುಡುಕಾಟ ಉಳಿಯುತ್ತದೆ, ಸಪೋರ್ಟರ್ ಹೋಗುತ್ತದೆ. ಎರಡೂ ಸಮಸಮ ಎನ್ನಬಹುದು.

ನೋಟ್‌ಬುಕ್ಕಿನ ಕಾರಣದ ಕಾಲಂ ಹೇಳಿದ್ದೂ ಅದನ್ನೇ. ಲಾನಾ ಎಂದು ಬರೆದ ಕಡೆಗಳಲ್ಲಿ ಹೆಚ್ಚಿನವಕ್ಕೆ "ಥ್ವಾಕಿ 1" ಎಂಬ ಟಿಪ್ಪಣಿ ಇತ್ತು. ಸ್ಟ್ರೆಚರ್ ಎಂದಿದ್ದ ಕಡೆ "ಥ್ವಾಕಿ 2", ಕೆಲವೊಮ್ಮೆ 3. ಅಂದರೆ ಬೆಂಚು ಸುಸೂತ್ರವಾಗಿ ಕಟ್ಟಿಕೊಂಡ ಆಟದಲ್ಲಿ ಲಾನಾ ಇಲ್ಲದೆಯೂ ನಡೆಯುತ್ತದೆ. ಪುಟ್ಟ ಪೋಕೆಮಾನ್‌ಗಳನ್ನು ಡೆಕ್‌ನಿಂದ ಬೆಂಚಿಗೆ ತರುವ ಪಾಫಿನ್ ಕೈಗೆ ಬರದೆ, ಗ್ರೂಕಿಗಳು ಬೆಳೆಯದೆ, ಒಂಟಿ ಥ್ವಾಕಿಯಲ್ಲಿ ಏದುಸಿರು ಬಿಡುವ ಆಟದಲ್ಲಿ ಲಾನಾ ಇಲ್ಲದೆ ನಡೆಯುವುದಿಲ್ಲ. ಡೆಕ್‌ಗೆ ಆಸರೆ ಬೇಕಾಗುವುದು ಸೊರಗಿದ ಆಟಗಳಲ್ಲೇ ಆದ್ದರಿಂದ ನನಗೆ ಇದು ಲಾನಾದ ಪರವಾದ ದೊಡ್ಡ ಸಾಕ್ಷಿ.

ಥ್ವಾಕಿ ಸುಮ್ಮನಾಗುವ ಸ್ಥಿತಿ

ಒಂದು ಸೂಕ್ಷ್ಮವನ್ನು ಎಲ್ಲರೂ ತಿಳಿದಿರಬೇಕು. ಮೇಲಿನ ಸ್ಥಿತಿಯಲ್ಲಿ ಮುಂದೆ ಬಂದದ್ದು ಬೆಳೆದ ಡಿಪ್ಲಿನ್. ಬೆಂಚಿನಲ್ಲಿ ಬರೀ ಆಪ್ಲಿನ್‌ಗಳೇ ಇದ್ದು ಆಪ್ಲಿನ್ ಮುಂದೆ ಬಂದರೆ? ಆಪ್ಲಿನ್‌ಗೆ ಫೆಸ್ಟಿವಲ್ ಲೀಡ್ ಇಲ್ಲ. ಆಗ ಥ್ವಾಕಿಗಳು ಎಷ್ಟಿದ್ದರೂ ಸುಮ್ಮನೆ ಕೂರುತ್ತವೆ. ಲಾನಾ ಹುಡುಕಲು ಥ್ವಾಕಿ ಬೇಕು, ಥ್ವಾಕಿ ಏಳಲು ಡಿಪ್ಲಿನ್ ಬೇಕು, ಡಿಪ್ಲಿನ್ ಇರುವುದು ಡಿಸ್ಕಾರ್ಡ್‌ನಲ್ಲಿ, ಅದನ್ನು ತರಲು ಲಾನಾ ಬೇಕು.

ಬಿಡಿಸಿಕೊಳ್ಳುವ ದಾರಿ ಎರಡಿವೆ. ಹಿಂದಿನ ಸರದಿಯಲ್ಲೇ ಲಾನಾವನ್ನು ಕೈಗೆ ತೆಗೆದಿಟ್ಟುಕೊಳ್ಳುವುದು ಒಂದು. ಎದುರಾಳಿ ಅಯೋನೊ ಆಡದೆ ಬಿಟ್ಟರೆ ಇದು ಸೊಗಸಾದ ಆಟ. ಆಪ್ಲಿನ್ ಮುಂದೆ ಬಂದಿದೆ, ಲಾನಾದಿಂದ ಮೂರೂ ವಾಪಸ್, ಡಿಪ್ಲಿನ್ ಕಾರ್ಡನ್ನು ಮುಂದಿನ ಆಪ್ಲಿನ್ ಮೇಲೆ ಹಾಕು, ಎನರ್ಜಿ ಅದಕ್ಕೇ ಹಚ್ಚು, ಹೊಸ ಆಪ್ಲಿನ್ ಬೆಂಚಿಗೆ. ಮೂರೂ ಕಾರ್ಡು ಅದೇ ಸರದಿಯಲ್ಲಿ ಕೆಲಸಕ್ಕೆ ಬಿದ್ದವು, ಎದುರಾಳಿಯ ಅಯೋನೊಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಈ ಸರದಿಯನ್ನು ಮೊದಲ ಸಲ ಆಡಿದಾಗ ಆದ ಖುಷಿ ಇನ್ನೂ ಇದೆ. ಎದುರಾಳಿ ಅಯೋನೊ ಆಡಿಬಿಟ್ಟರೆ ಲಾನಾ ಡೆಕ್‌ನ ತಳಕ್ಕೆ ಹೋಗುತ್ತದೆ, ಸರದಿ ಅಲ್ಲಿಗೇ ಮುಗಿಯಿತು.

ಎರಡನೇ ದಾರಿಯೇ ನಂಬಿಕೆಯದು. ಮೊದಲ ಡಿಪ್ಲಿನ್ ಹೊಡೆಯುತ್ತಿರುವಾಗಲೇ ಬೆಂಚಿನಲ್ಲಿ ಎರಡನೇ ಡಿಪ್ಲಿನ್ ಬೆಳೆಸಿಟ್ಟುಕೊಳ್ಳುವುದು. ಆಗ ಅದು ಮುಂದೆ ಬಂದ ತಕ್ಷಣ ಥ್ವಾಕಿ ಏಳುತ್ತದೆ. ಈಗ ನಾನು ಆಡುವಾಗ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ವಿರಾಜಪೇಟೆಯ ಭಾವನ ಡ್ರ್ಯಾಗಪಲ್ಟ್ ಇಎಕ್ಸ್ ಎದುರು ಬೇರೆಯೇ ಪಾಠ ಸಿಕ್ಕಿತು. ಅದರ ಎಚ್‌ಪಿ 320, ನಮ್ಮ ಹುಲ್ಲಿನ ದಾಳಿಗೆ ದುರ್ಬಲತೆ ಇಲ್ಲ. ಫ್ಯಾಂಟಮ್ ಡೈವ್ ಮುಂದಿನದಕ್ಕೆ 200 ಹೊಡೆದು, ಬೆಂಚಿನ ಮೇಲೆ ಇನ್ನೂ ಆರು ಡ್ಯಾಮೇಜ್ ಕೌಂಟರ್ (ಒಂದಕ್ಕೆ 10) ಹರಡುತ್ತದೆ. ಮುಂದಿನ ಡಿಪ್ಲಿನ್ ಹೋಗುತ್ತದೆ, ಬೆಂಚಿನ ಪುಟ್ಟ ಆಪ್ಲಿನ್‌ಗೂ ಆ ಆರು ಸಾಕು. ಐದಿದ್ದ ಬೆಂಚು ಒಂದೇ ಏಟಿಗೆ ಮೂರಾಗುತ್ತದೆ. ಇಂಥ ಕಡೆ ಲಾನಾ ಬೇಕೇ ಬೇಕು ಅನಿಸುತ್ತದೆ. ಲೆಕ್ಕ ಹಾಕಿ ನೋಡಿ: ಹಿಂದಿನ ಸರದಿಯಲ್ಲಿ ತುಂಬಿದ ಬೆಂಚಿನಿಂದ 200 ಹೊಡೆದಿದ್ದರೆ ಡ್ರ್ಯಾಗಪಲ್ಟ್‌ಗೆ ಉಳಿದದ್ದು 120. ಬೆಂಚಿನ ಮೂರರಿಂದ 60, ಎರಡು ಸಲ ಹೊಡೆದರೆ ಸರಿಯಾಗಿ 120. ಅದನ್ನು ಕೊಲ್ಲಲು ಲಾನಾ ಬೇಕಿಲ್ಲ, ಒಂದು ಎನರ್ಜಿ ಸಾಕು.

ಹಾಗಿದ್ದರೂ ಆ ಸರದಿಯಲ್ಲಿ ನಾನು ಲಾನಾವನ್ನೇ ಆಡಿದೆ, ಏಕೆಂದರೆ ಕೊಂದ ಮರುಕ್ಷಣ ಭಾವ ಎರಡನೇ ಡ್ರ್ಯಾಗಪಲ್ಟ್ ತರುತ್ತಾರೆ, ಅದಕ್ಕೆ ಮೂರರ ಬೆಂಚು ಏನೂ ಅಲ್ಲ. ಸತ್ತ ಎರಡೂ ಆಪ್ಲಿನ್‌ಗಳನ್ನು ವಾಪಸ್ ತಂದು ಬೆಂಚು ಐದು ಮಾಡಿ, ಮೂರನೆಯದಾಗಿ ಡಿಪ್ಲಿನ್ ತೆಗೆದುಕೊಂಡೆ. "ಎಷ್ಟು ಕೊಂದರೂ ಎದ್ದು ಬರ್ತವಲ್ಲ ಮಾರಾಯ" ಎಂದರು ಭಾವ.

ಎರಡನೇ ಪ್ರತಿ

ಒಂದು ಕೀರನ್ ತೆಗೆದು ಲಾನಾದ ಎರಡನೇ ಪ್ರತಿ ಹಾಕಿಯೂ ಆಡಿದೆ. ಅದು ಬೇಡ. ಆಟದ ಆರಂಭದಲ್ಲಿ ಲಾನಾ ಪೂರ್ತಿ ನಿರುಪಯೋಗಿ. ಮೊದಲು ಆಡುವವರು ಮೊದಲ ಸರದಿಯಲ್ಲಿ ಸಪೋರ್ಟರ್ ಆಡುವಂತೆಯೇ ಇಲ್ಲ, ಎರಡನೆಯವರಿಗೂ ಡಿಸ್ಕಾರ್ಡ್‌ನಲ್ಲಿ ತರುವಂಥದ್ದು ಏನೂ ಬಿದ್ದಿರುವುದಿಲ್ಲ. ಒಂದೇ ಪ್ರತಿ ಇದ್ದಾಗ ಮೊದಲ ಏಳು ಕಾರ್ಡುಗಳಲ್ಲಿ ಅದು ಬಂದು ಕೂರುವ ಸಾಧ್ಯತೆ ಸುಮಾರು ಶೇ 12. ಎರಡು ಹಾಕಿದರೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಬಂದು ಕೂತದ್ದನ್ನು ರಿಸರ್ಚ್ ಆಡಿ ಎಸೆದರೆ ಮತ್ತೆ ಸಿಗುವುದಿಲ್ಲ, ಲಾನಾ ಪೋಕೆಮಾನೂ ಎನರ್ಜಿಯೂ ಅಲ್ಲದ ಟ್ರೈನರ್ ಕಾರ್ಡಾದ್ದರಿಂದ ಅದನ್ನು ವಾಪಸ್ ತರಲು ಈ ಡೆಕ್‌ನಲ್ಲಿ ಏನೂ ಇಲ್ಲ.

ಒಂದೇ ಪ್ರತಿಯ ಅಪಾಯವೂ ಇದೆ. ಆರು ಪ್ರೈಜ್ ಕಾರ್ಡುಗಳ ಅಡಿಯಲ್ಲಿ ಅದು ಸಿಕ್ಕಿಕೊಳ್ಳುವ ಸಾಧ್ಯತೆ 60ಕ್ಕೆ 6, ಅಂದರೆ ಶೇ 10. ಡೆಕ್‌ನಲ್ಲಿ ಮೊದಲ ಸಲ ಹುಡುಕುವಾಗಲೇ ಲಾನಾ ಇದೆಯೇ ಎಂದು ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಇಲ್ಲವೆಂದರೆ ಎರಡೂ ಸ್ಟ್ರೆಚರ್‌ಗಳನ್ನು ಕೊನೆಯವರೆಗೆ ಕಾಪಾಡಿಕೊಂಡು ಆಡುತ್ತೇನೆ. ಇದೆಯೆಂದು ಗೊತ್ತಾದರೆ ಅಲ್ಟ್ರಾ ಬಾಲ್ ಆಡುವಾಗ ಎಸೆಯಬೇಕಾದ ಎರಡು ಕಾರ್ಡುಗಳಿಗೆ ಎನರ್ಜಿ ಮತ್ತು ಹೆಚ್ಚುವರಿ ಡಿಪ್ಲಿನ್‌ನ್ನೇ ಧೈರ್ಯವಾಗಿ ಎಸೆಯುತ್ತೇನೆ. ಮುಂದೆ ಅವು ಹೇಗೂ ವಾಪಸ್ ಬರುತ್ತವೆ. ಲಾನಾ ಬಂದ ಮೇಲೆ ಅಲ್ಟ್ರಾ ಬಾಲ್ ಆಡುವಾಗಿನ ಹಿಂಜರಿಕೆ ಹೋಯಿತು, ಇದು ನಾನು ಪರೀಕ್ಷೆಗೆ ಇಳಿಯುವಾಗ ಎಣಿಸದೇ ಇದ್ದ ಲಾಭ.

ಅದರಿಂದ ಆಗದ ಕೆಲಸವನ್ನೂ ಹೇಳಬೇಕು. ಎದುರಾಳಿ ತನ್ನ ಸ್ಟೇಡಿಯಂ ಹಾಕಿದ ಕೂಡಲೇ ಫೆಸ್ಟಿವಲ್ ಗ್ರೌಂಡ್ಸ್ ಡಿಸ್ಕಾರ್ಡ್‌ಗೆ ಹೋಗುತ್ತದೆ, ಡಿಪ್ಲಿನ್‌ಗೆ ಒಂದೇ ಹೊಡೆತ ಉಳಿಯುತ್ತದೆ. ಲಾನಾ ಸ್ಟೇಡಿಯಂ ತರುವುದಿಲ್ಲ. ಸರದಿಯ ಒಂಟಿ ಹುಡುಕಾಟವನ್ನು ಲಾನಾಗೆ ಕೊಡುವುದೋ ಗ್ರೌಂಡ್ಸ್‌ಗೆ ಕೊಡುವುದೋ ಎಂಬ ಸಂಕಟ ಬಂದಾಗ ಗ್ರೌಂಡ್ಸ್‌ಗೇ ಕೊಡಬೇಕು, ಎರಡು ಹೊಡೆತ ಇಲ್ಲದೆ ಈ ಡೆಕ್‌ಗೆ ಬಲವೇ ಇಲ್ಲ. ಅದಕ್ಕೇ ಗ್ರೌಂಡ್ಸ್ 4ರಿಂದ ಒಂದನ್ನೂ ಕಡಿಮೆ ಮಾಡುವ ಯೋಚನೆ ಮಾಡಿಲ್ಲ.

ಕೊನೆಗೆ ಖಾಲಿ ಕಾಗದ ತೆಗೆದು ಅರವತ್ತನೇ ಸ್ಲೀವ್‌ಗೆ ನೆಟ್ಟಗಾದ ಲಾನಾವನ್ನು ಹಾಕಿದ್ದೇನೆ, ಒಂದೇ ಪ್ರತಿ. ಈಗ ಕಣ್ಣು ಸ್ವಿಚ್ ಮೇಲಿದೆ. ಮೂರರಲ್ಲಿ ಮೂರನೆಯದು ಕೈಯಲ್ಲೇ ಉಳಿಯುವುದು ಜಾಸ್ತಿ, ಆ ಜಾಗಕ್ಕೆ ಮೂರನೇ ನೈಟ್ ಸ್ಟ್ರೆಚರ್ ಬಂದರೆ ಲಾನಾ ಪ್ರೈಜ್‌ನಲ್ಲಿ ಸಿಕ್ಕಿಕೊಂಡ ಆಟಗಳಿಗೂ ಆಧಾರವಾಗುತ್ತದೆ. ಖಾಲಿ ಕಾಗದದ ಹಿಂಬದಿಯಲ್ಲಿ ಹೊಸ ಹೆಸರುಗಳನ್ನು ಬರೆದು ಆ ಸ್ಲೀವ್‌ಗೆ ತೂರಿಸಿಯಾಗಿದೆ. ಭಾನುವಾರ ತಮ್ಮ ಬರುತ್ತಾನೆ, ಅವನ ಚಾರಿಝಾರ್ಡ್ ಎದುರೇ ಶುರು ಮಾಡುತ್ತೇವೆ.